ಕಾರಿಗೆ ಸೀರೆ ಉಡಿಸೋ ಮೊದಲು

ಇವತ್ತಿನ ವಿಷಯ ಸ್ವಲ್ಪ ಶೋಕಿದು ಅನ್ನಿಸಬಹುದು. ಎಲೆಕ್ಟ್ರಿಕ್ ಕಾರಿಗೆ ರ‍್ಯಾಪ್ ಹಾಕಿಸೋದು, ಅದರಲ್ಲೂ ಯಾವ ಡಿಸೈನ್ ಆರಿಸಬೇಕು ಅನ್ನೋದು. ಹೋದ ತಿಂಗಳು ನಿಮ್ಮಲ್ಲೇ ಕೆಲವರು ಮೆಸೇಜ್ ಮಾಡಿ ಕೇಳಿದ್ರಿ. ಆದರೆ ಇದರ ಒಳಗೆ ದುಡ್ಡಿದೆ, ಕಾನೂನಿದೆ, ಇನ್ನೊಬ್ಬರ ಕೈಕೆಲಸಕ್ಕೆ ನಾವು ಎಷ್ಟು ಬೆಲೆ ಕಟ್ತೀವಿ ಅನ್ನೋ ಪ್ರಶ್ನೆನೂ ಇದೆ. ಹಾಗಾಗಿ ಪೂರ್ತಿ ಕೇಳಿ.

ಗಾಡಿ ಸಿಂಗರಿಸೋದು ನಮಗೆ ಹೊಸದಲ್ಲ. ಬೆಂಗಳೂರಲ್ಲಿ ಆಟೋಗಳ ಹಿಂದೆ ನೋಡಿ. 1980ರಲ್ಲಿ ‘ಆಟೋ ರಾಜ’ ಸಿನಿಮಾ ಬಂತು, ಇವತ್ತಿಗೂ ಶಂಕರ್‌ನಾಗ್ ಚಿತ್ರ ಆಟೋ ಮೇಲೆ ಓಡಾಡ್ತಾನೇ ಇದೆ. ಲಾರಿಗಳ ಮೇಲೆ ನವಿಲು, ಕಮಲ, ಮಕ್ಕಳ ಹೆಸರು. ಆದರೆ ಕಾರು ತಗೊಂಡ್ರೆ ಮಾತ್ರ ಬಿಳಿ, ಸಿಲ್ವರ್, ಗ್ರೇ. ‘ಮಾರುವಾಗ ರೇಟ್ ಸಿಗಲ್ಲ’ ಅಂತ ಮನೆಯಲ್ಲಿ ಹೇಳ್ತಾರೆ. ನಮ್ಮ ದುಡ್ಡಲ್ಲಿ ಕಾರು ತಗೊಂಡು, ಮುಂದೆ ಯಾರೋ ತಗೊಳ್ಳೋರ ಇಷ್ಟಕ್ಕೆ ಬಣ್ಣ ಆರಿಸ್ತೀವಿ.

ಸಣ್ಣ ಎಲೆಕ್ಟ್ರಿಕ್ ಕಾರುಗಳು ಬಂದಮೇಲೆ ಇದು ಸ್ವಲ್ಪ ಬದಲಾಗಿದೆ. 2023ರ ಏಪ್ರಿಲ್‌ನಲ್ಲಿ ಎಂಜಿ ಕಾಮೆಟ್ ಬಂತಲ್ಲ, ಅದರ ಉದ್ದ 2,974 ಮಿಲಿಮೀಟರ್, ಅಂದ್ರೆ ಮೂರು ಮೀಟರ್‌ಗೂ ಕಮ್ಮಿ. ಎರಡೇ ಬಾಗಿಲು. ಆಟಿಕೆ ಡಬ್ಬಿ ಥರ ಕಾಣುತ್ತೆ. ಕಂಪನಿಯೇ ಸ್ಟಿಕರ್ ಪ್ಯಾಕ್‌ಗಳ ಜೊತೆ ಮಾರೋಕೆ ಶುರು ಮಾಡ್ತು. ಇವತ್ತು ನಾನು ಉದಾಹರಣೆಗೆ ಇದೇ ಕಾರನ್ನ ಇಟ್ಕೊಳ್ತೀನಿ. ಯಾಕಂದ್ರೆ ನನ್ನ ಗೆಳತಿ ಒಬ್ಬಳು ಬಿಳಿ ಬಣ್ಣದ್ದು ಒಂದನ್ನ ಸೆಕೆಂಡ್ ಹ್ಯಾಂಡ್ ತಗೊಂಡಿದ್ದಾಳೆ. ಧಾರವಾಡದವಳು, ಬೆಂಗಳೂರಲ್ಲಿ ಕೆಲಸ. ಕಥೆ ಹೇಳು ಅಂದಿದ್ದಾಳೆ, ಹೆಸರು ಬೇಡ ಅಂದಿದ್ದಾಳೆ.

ಮೊದಲು ರ‍್ಯಾಪ್ ಅಂದ್ರೇನು ಅಂತ ತಿಳ್ಕೊಳ್ಳೋಣ. ಬಣ್ಣ ಹೊಡೆಯೋದಲ್ಲ ಇದು. ಹಿಂದೆ ಅಂಟು ಇರೋ ತೆಳು ಪ್ಲಾಸ್ಟಿಕ್ ಹಾಳೆ, ವಿನೈಲ್ ಫಿಲ್ಮ್. ಕಾರಿನ ಮೇಲೆ ಎಳೆದು, ಬಿಸಿ ಗಾಳಿ ಕೊಟ್ಟು ಅಂಟಿಸ್ತಾರೆ. ಬೇಡ ಅಂದಾಗ ಮತ್ತೆ ಬಿಸಿ ಮಾಡಿ ಕೀಳಬಹುದು. ಇದರಲ್ಲಿ ಎರಡು ಜಾತಿ. ಒಂದು ಕಾಸ್ಟ್ ಫಿಲ್ಮ್. ದೋಸೆ ಹಿಟ್ಟು ಹುಯ್ದ ಹಾಗೆ ದ್ರವವನ್ನ ಹರಡಿ ಒಣಗಿಸಿ ಮಾಡೋದು. ಸುಮಾರು 50 ಮೈಕ್ರಾನ್ ದಪ್ಪ, ಕಾರಿನ ಉಬ್ಬು ತಗ್ಗಿಗೆ ಚೆನ್ನಾಗಿ ಕೂರುತ್ತೆ. ಇನ್ನೊಂದು ಕ್ಯಾಲೆಂಡರ್ಡ್. ಇದು ಚಪಾತಿ ಲಟ್ಟಿಸಿದ ಹಾಗೆ, ರೋಲರ್ ಮಧ್ಯೆ ಒತ್ತಿ ಮಾಡೋದು. ದಪ್ಪ ಜಾಸ್ತಿ, ಬೆಲೆ ಕಮ್ಮಿ. ಆದರೆ ಲಟ್ಟಿಸಿದ ಚಪಾತಿ ಕುಗ್ಗುತ್ತಲ್ಲ, ಹಾಗೇ ಇದೂ ಬಿಸಿಲಿಗೆ ಕುಗ್ಗಿ ಅಂಚಲ್ಲಿ ಏಳುತ್ತೆ. ಸಮತಟ್ಟಾದ ಬೋರ್ಡಿಗೆ ಸಾಕು, ಪೂರ್ತಿ ಕಾರಿಗೆ ಬೇಡ. ಅಂಗಡಿಯಲ್ಲಿ ‘ಇಂಪೋರ್ಟೆಡ್ ಫಿಲ್ಮ್ ಸರ್’ ಅಂದ್ರೆ ಸುಮ್ಮನಾಗಬೇಡಿ. ‘ಕಾಸ್ಟಾ, ಕ್ಯಾಲೆಂಡರ್ಡಾ’ ಅಂತ ಕೇಳಿ. ಬಿಲ್ಲಲ್ಲಿ ಬರೆಸಿಕೊಳ್ಳಿ.

ಇನ್ನು ಪಿಪಿಎಫ್ ಅಂತ ಹೇಳ್ತಾರೆ. ಅದು ಬೇರೆ. ಗೀರಿನಿಂದ ಪೇಂಟ್ ಕಾಪಾಡೋ ದಪ್ಪ ಪದರ, ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್. ಅದರ ಮುಖ್ಯ ಕೆಲಸ ರಕ್ಷಣೆ, ನಮ್ಮ ಇವತ್ತಿನ ವಿಷಯ ಅಲಂಕಾರ. ಎರಡನ್ನೂ ಕಲಸಿ ಮಾತಾಡೋ ಸೇಲ್ಸ್‌ನವರ ಹತ್ರ ಹುಷಾರು.

ಈಗ ಡಿಸೈನ್‌ಗೆ ಬರೋಣ. ಗೆಳತಿ ಮುಂದೆ ಮೂರು ಆಯ್ಕೆ ಇತ್ತು. ಒಂದು, ಮಿಲಿಟರಿ ಕ್ಯಾಮೊಫ್ಲಾಜ್. ಎರಡು, ಪೂರ್ತಿ ಕಪ್ಪು ಕ್ರೋಮ್, ಕನ್ನಡಿ ಥರ ಹೊಳೆಯೋದು. ಮೂರು, ಕಸೂತಿ.

ಕ್ಯಾಮೊಫ್ಲಾಜ್ ಮೊದಲ ದಿನವೇ ಬಿದ್ದುಹೋಯ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೇ ನಿಯಮ ಅಂತ ಇದೆ. ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆ ವಾಹನಗಳಿಗೆ ಮಾತ್ರ. ನಾವು ನೀವು ಹಾಕೋ ಹಾಗಿಲ್ಲ. ಕೆಂಪು ನೀಲಿ ಪಟ್ಟಿ ಹಾಕಿ ಪೊಲೀಸ್ ಗಾಡಿ ಥರ, ಆಂಬುಲೆನ್ಸ್ ಥರ ಕಾಣಿಸೋ ಡಿಸೈನ್‌ನೂ ಬಿಡಿ. ಚೆಂದ ಕಾಣೋಕೆ ಹೋಗಿ ರಸ್ತೆಯಲ್ಲಿ ಬೇರೆಯವರಿಗೆ ಗೊಂದಲ ಮಾಡಬಾರದು.

ಕಪ್ಪು ಕ್ರೋಮ್ ಮೇಲೆ ಆಸೆ ಜಾಸ್ತಿ ಇತ್ತು. ಆದರೆ ಎಲೆಕ್ಟ್ರಿಕ್ ಕಾರಲ್ಲಿ ಬಣ್ಣ ಅಂದ್ರೆ ಬಿಸಿ, ಬಿಸಿ ಅಂದ್ರೆ ಎಸಿ, ಎಸಿ ಅಂದ್ರೆ ಬ್ಯಾಟರಿ. ಅಮೆರಿಕದ ಲಾರೆನ್ಸ್ ಬರ್ಕ್ಲಿ ನ್ಯಾಷನಲ್ ಲ್ಯಾಬ್‌ನವರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಕಪ್ಪು ಒಂದು, ಸಿಲ್ವರ್ ಒಂದು, ಎರಡು ಹೋಂಡಾ ಸಿವಿಕ್ ಕಾರುಗಳನ್ನ ಬಿಸಿಲಲ್ಲಿ ನಿಲ್ಲಿಸಿ ಅಳತೆ ಮಾಡಿದ್ರು. ಸಿಲ್ವರ್ ಕಾರಿನ ಒಳಗಿನ ಗಾಳಿ ಸುಮಾರು 5ರಿಂದ 6 ಡಿಗ್ರಿ ತಂಪಾಗಿತ್ತು. ಪೆಟ್ರೋಲ್ ಕಾರಲ್ಲಿ ಎಸಿ ಜಾಸ್ತಿ ಓಡಿದ್ರೆ ಬಂಕ್‌ನಲ್ಲಿ ನಿಲ್ಲಿಸಿ ಐದು ನಿಮಿಷದಲ್ಲಿ ತುಂಬಿಸ್ತೀರಿ. ಕಾಮೆಟ್‌ನಲ್ಲಿ ಇರೋದೇ 17.3 ಕಿಲೋವ್ಯಾಟ್ ಅವರ್‌ನ ಪುಟ್ಟ ಬ್ಯಾಟರಿ. ಅದರಲ್ಲೇ ಓಡಬೇಕು, ಅದರಲ್ಲೇ ತಂಪಾಗಬೇಕು. ಬೆಂಗಳೂರಲ್ಲಿ ಹೇಗೋ ನಡೆಯುತ್ತೆ ಅನ್ನಬಹುದು. ಕಲಬುರಗಿ, ರಾಯಚೂರು ಕಡೆ ಇರೋರು ಮಾತ್ರ ಕನಿಷ್ಠ ರೂಫ್ ಆದ್ರೂ ತಿಳಿ ಬಣ್ಣ ಇಡಿ.

ಕ್ರೋಮ್‌ಗೆ ಇನ್ನೊಂದು ತೊಂದರೆ ಇದೆ. ಲೋಹದ ಪದರ ಇರೋ ಫಿಲ್ಮ್ ರೇಡಾರ್ ಅಲೆಗಳನ್ನ ತಡೆಯಬಹುದು. ಕಾಮೆಟ್‌ನಲ್ಲಿ ರೇಡಾರ್ ಇಲ್ಲ. ಆದರೆ ಮುಂದಿನ ಗಾಡಿ ನೋಡಿ ತಾನೇ ಬ್ರೇಕ್ ಹಾಕೋ ವ್ಯವಸ್ಥೆ ನಿಮ್ಮ ಕಾರಲ್ಲಿದ್ರೆ, ಬಂಪರ್ ಹಿಂದೆ ರೇಡಾರ್ ಎಲ್ಲಿದೆ ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿ, ಆ ಜಾಗ ಬಿಡಿಸಿ. ಪಾರ್ಕಿಂಗ್ ಸೆನ್ಸರ್, ಕ್ಯಾಮೆರಾ ಮೇಲೆ ಯಾವ ಫಿಲ್ಮೂ ಬೇಡ.

ಉಳಿದದ್ದು ಕಸೂತಿ. ಇಲ್ಲಿಂದ ಕಥೆ ಶುರು.

ಅಂಗಡಿ ಡಿಸೈನರ್ ‘ಅಯ್ಯೋ ಮೇಡಂ, ಅದಕ್ಕೇನು, ನೆಟ್‌ನಲ್ಲಿ ಸಿಗುತ್ತೆ, ಡಿಸೈನ್ ಫ್ರೀ’ ಅಂದ. ಹತ್ತು ನಿಮಿಷದಲ್ಲಿ ಕಾರಿನ ಚಿತ್ರದ ಮೇಲೆ ಆನೆ, ಬಳ್ಳಿ, ಗೋಪುರ ಎಲ್ಲಾ ಕೂರಿಸಿ ಕಳಿಸಿದ. ನನಗಂತೂ ಚೆನ್ನಾಗೇ ಕಾಣ್ತು. ಗೆಳತಿ ಅದನ್ನ ಊರಲ್ಲಿರೋ ಅವ್ವನಿಗೆ ವಾಟ್ಸಾಪ್ ಮಾಡಿದಳು. ಅವ್ವ ತಿರುಗಿ ಫೋನ್ ಮಾಡಿದ್ರು. ‘ಯವ್ವಾ, ಇದು ಕಸೂತಿ ಅಲ್ಲ. ಕಸೂತ್ಯಾಗ ಹಿಂಗ ದುಂಡಗ ಗೆರಿ ಬರಂಗಿಲ್ಲ. ಎಳಿ ಎಣಿಸಿ ಹಾಕೋದು ಅದು, ಬರದು ಹಾಕೋದಲ್ಲ.’

ಅವ್ವ ಹೇಳಿದ್ದು ನೂರಕ್ಕೆ ನೂರು ಸರಿ. ಕಸೂತಿಯಲ್ಲಿ ಬಟ್ಟೆ ಮೇಲೆ ಮೊದಲೇ ಚಿತ್ರ ಬಿಡಿಸಿಕೊಳ್ಳೋದಿಲ್ಲ. ಬಟ್ಟೆಯ ನೂಲನ್ನ ಎಣಿಸಿ ಸೂಜಿ ಹಾಕ್ತಾರೆ. ಹಾಗಾಗಿ ಗೆರೆ ಅಡ್ಡ, ಉದ್ದ, ಇಲ್ಲ ಓರೆ. ಆನೆ ಸೊಂಡಿಲೂ ಮೆಟ್ಟಿಲು ಮೆಟ್ಟಿಲಾಗೇ ಇಳಿಯುತ್ತೆ. ಗವಂತಿ, ಮುರ್ಗಿ, ನೇಗಿ, ಮೆಂತ್ಯ ಅಂತ ನಾಲ್ಕು ಹೊಲಿಗೆ. ಗಂಟು ಹಾಕೋ ಹಾಗಿಲ್ಲ. ಗವಂತಿ, ಮುರ್ಗಿಯಲ್ಲಿ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣಬೇಕು. ನೆಟ್‌ನಲ್ಲಿ ಸಿಕ್ಕಿದ್ದು ಕಸೂತಿ ಅಂತ ಹೆಸರಿಟ್ಟ ಯಾವುದೋ ಚಿತ್ರ, ಅಷ್ಟೇ.

ಕಸೂತಿಗೆ ಜಿಐ ಟ್ಯಾಗ್ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಆದರೆ ಜಿಐ ಅನ್ನೋದು ಒಂದು ಪ್ರದೇಶದ ವಸ್ತುವಿನ ಹೆಸರನ್ನ ಕಾಪಾಡುತ್ತೆ. ಬೇರೆ ಕಡೆ ಮಾಡಿದ್ದನ್ನ ಆ ಹೆಸರಲ್ಲಿ ಮಾರಬಾರದು ಅನ್ನುತ್ತೆ. ನಿಮ್ಮ ಕಾರಿನ ಮೇಲೆ ಆನೆ ಬಂದ ಕೂಡಲೇ ಧಾರವಾಡದ ಯಾವುದೋ ಮನೆಯ ಹೆಣ್ಣುಮಗಳ ಖಾತೆಗೆ ದುಡ್ಡು ಹೋಗೋ ಏರ್ಪಾಡು ಅದರಲ್ಲಿಲ್ಲ. ಅದನ್ನ ನಾವೇ ಮಾಡಬೇಕು.

ಅವ್ವನೇ ತಮ್ಮ ಓಣಿಯ ಒಬ್ಬ ಕಸೂತಿ ಹಾಕೋರನ್ನ ಮಾತಾಡಿಸಿದ್ರು. ಅವರು ಗ್ರಾಫ್ ಹಾಳೆ ಮೇಲೆ ಚೌಕ ಚೌಕ ಎಣಿಸಿ ಎರಡು ದಿನ ಕೂತು ಬಿಡಿಸಿದ್ರು. ಎಷ್ಟು ಕೊಡಬೇಕು ಅಂತ ಕೇಳಿದ್ರೆ, ‘ನೂಲಿಲ್ಲ, ಸೂಜಿ ಇಲ್ಲ. ಬರೇ ಗೀಟಿಗೆ ಏನ್ ರೊಕ್ಕ ತಗೊಳ್ಳೋದ್ರೀ’ ಅಂದುಬಿಟ್ರು.

ಇದು ಕೇಳಿ ನನಗೆ ನಿಜವಾಗ್ಲೂ ಬೇಜಾರಾಯ್ತು. ಬಿ.ಕಾಂ ಓದಿದವರಿಗೆ ಒಂದು ರೋಗ, ಎಲ್ಲದಕ್ಕೂ ಲೆಕ್ಕ ಹಾಕೋದು. ಫಿಲ್ಮ್ ಮಾಡಿದವರಿಗೆ ದುಡ್ಡಿದೆ, ಪ್ರಿಂಟ್ ಮಾಡಿದವರಿಗಿದೆ, ಅಂಟಿಸಿದವರಿಗಿದೆ, ಜಿಎಸ್‌ಟಿ ಇದೆ. ಜನ ಕಾರನ್ನ ತಿರುಗಿ ನೋಡೋದು ಯಾವುದಕ್ಕೋ, ಅದು ಮಾತ್ರ ಫ್ರೀ. ಅಂಗಡಿಯವನು ಫ್ರೀ ಅಂದ, ಮಾಡಿದವರೂ ಫ್ರೀ ಅಂದ್ರು. ಒಬ್ಬರು ತಮ್ಮದಲ್ಲದ್ದನ್ನ ಫ್ರೀ ಕೊಟ್ರು, ಇನ್ನೊಬ್ಬರು ತಮ್ಮದನ್ನೇ.

ಗೆಳತಿ ಒಪ್ಪಲಿಲ್ಲ. 5,000 ರೂಪಾಯಿ ಕಳಿಸಿದಳು. ಜೊತೆಗೆ ವಾಟ್ಸಾಪ್‌ನಲ್ಲೇ ನಾಲ್ಕು ಸಾಲು ಬರೆದಳು: ಈ ಡಿಸೈನ್ ನಿಮ್ಮದು, ನಾನು ನನ್ನ ಒಂದು ಕಾರಿಗೆ ಮಾತ್ರ ಬಳಸ್ತೀನಿ, ಬೇರೆಯವರಿಗೆ ಕೊಡಲ್ಲ. ವಕೀಲರು ಬೇಕಿಲ್ಲ ಇದಕ್ಕೆ. ಬರಹದಲ್ಲಿ ಇದ್ರೆ ಇಬ್ಬರಿಗೂ ನೆನಪಿರುತ್ತೆ.

ಡಿಸೈನ್ ಸಿಕ್ತು, ಅದನ್ನ ಎಲ್ಲಿ ಕೂರಿಸೋದು? ಇಲ್ಲಿ ಮೂರು ಪಾಠ ಇದೆ, ಯಾವ ಡಿಸೈನ್ ಆದ್ರೂ ಅನ್ವಯಿಸುತ್ತೆ.

ಒಂದು, ನೇರ ಗೆರೆ ಉಬ್ಬಿನ ಮೇಲೆ ಸೊಟ್ಟ ಕಾಣುತ್ತೆ. ಬಂಪರ್ ಮೇಲೆ ಫಿಲ್ಮ್ ಎಳೆದಾಗ ಪ್ರಿಂಟೂ ಜೊತೆಗೆ ಎಳೆಯುತ್ತೆ. ಹೂವು, ಮೋಡ, ಅಲೆ ಆದ್ರೆ ಗೊತ್ತಾಗಲ್ಲ. ಚೌಕುಳಿ, ಪಟ್ಟಿ, ಕಸೂತಿ ಆದ್ರೆ ತಕ್ಷಣ ಗೊತ್ತಾಗುತ್ತೆ. ಹಾಗಾಗಿ ಲೆಕ್ಕದ ಡಿಸೈನ್‌ಗಳನ್ನ ಬಾಗಿಲು, ಹಿಂದಿನ ಪಕ್ಕೆ, ರೂಫ್ ಇಂಥ ಚಪ್ಪಟೆ ಜಾಗಕ್ಕೆ ಇಡಿ, ಬಂಪರ್ ಖಾಲಿ ಬಿಡಿ.

ಎರಡು, ಸೀಳುಗಳನ್ನ ನೋಡಿ. ಬಾಗಿಲು ಎಲ್ಲಿ ತೆರೆಯುತ್ತೆ, ಹ್ಯಾಂಡಲ್ ಎಲ್ಲಿದೆ, ಚಾರ್ಜಿಂಗ್ ಮುಚ್ಚಳ ಎಲ್ಲಿದೆ. ಕಾಮೆಟ್‌ನಲ್ಲಿ ಅದು ಮುಂದೆ, ಲೋಗೋ ಹತ್ರ. ದಿನಾ ತೆಗೆದು ಹಾಕೋ ಜಾಗ, ಅಂಚು ಬೇಗ ಏಳುತ್ತೆ. ಆನೆ ಮುಖ ಸರಿಯಾಗಿ ಬಾಗಿಲ ಸೀಳಲ್ಲಿ ಬಂದ್ರೆ, ಬಾಗಿಲು ತೆಗೆದಾಗೆಲ್ಲಾ ಆನೆ ಎರಡಾಗುತ್ತೆ.

ಮೂರು, ದೂರ. ಸೀರೆಯನ್ನ ಜನ ಒಂದು ಮಾರು ದೂರದಿಂದ ನೋಡ್ತಾರೆ. ಕಾರನ್ನ ಹತ್ತು ಮೀಟರ್‌ನಿಂದ, ಅದೂ ಓಡ್ತಿರುವಾಗ ನೋಡ್ತಾರೆ. ಫೋನ್ ಸ್ಕ್ರೀನ್ ಮೇಲೆ ಚೆನ್ನಾಗಿ ಕಂಡ ಸಣ್ಣ ಸಣ್ಣ ಚಿತ್ರ ರಸ್ತೆಯಲ್ಲಿ ಬೂದು ಕಲೆ ಥರ ಕಾಣಬಹುದು. ಒಂದು ತುಂಡನ್ನ ನಿಜ ಅಳತೆಯಲ್ಲಿ ಸಾದಾ ಪೇಪರ್ ಮೇಲೆ ಪ್ರಿಂಟ್ ಹಾಕಿಸಿ, ಟೇಪ್‌ನಲ್ಲಿ ಕಾರಿಗೆ ಅಂಟಿಸಿ, ರಸ್ತೆ ಆ ಕಡೆ ನಿಂತು ನೋಡಿ. ಕೆಲವು ನೂರು ರೂಪಾಯಿಯ ಕೆಲಸ, ಸಾವಿರಾರು ಉಳಿಸುತ್ತೆ.

ಗೆಳತಿ ಹೀಗೇ ಪೇಪರ್ ಅಂಟಿಸಿ ಅವ್ವನಿಗೆ ವಿಡಿಯೋ ಕಾಲ್ ಮಾಡಿದಳು. ಕೆಳಗೆ, ಚಕ್ರದ ಪಕ್ಕ ತುಳಸಿ ಕಟ್ಟೆ ಬಂದಿತ್ತು. ಅವ್ವ ಅಂದ್ರು, ‘ತುಳಸಿ ಕಟ್ಟಿ ಗಾಲಿ ಹಂತೇಕ ಬ್ಯಾಡ. ರಾಡಿ ಸಿಡೀತದ, ಕಾಲು ತಾಕ್ತಾವ.’ ಯಾವ ಸಾಫ್ಟ್‌ವೇರೂ ಹೇಳದ ಮಾತು ಅದು. ಜನಪದ ಚಿತ್ರ ಬಳಸೋರು ಇದನ್ನ ನೆನಪಿಡಿ. ಮಲೆನಾಡಿನ ಚಿತ್ತಾರ ಇರಲಿ, ಕಸೂತಿ ಇರಲಿ, ಅದನ್ನ ಹಾಕೋರಿಗೆ ಯಾವುದು ಎಲ್ಲಿರಬೇಕು ಅನ್ನೋ ಲೆಕ್ಕ ಇರುತ್ತೆ. ಕೇಳಿ ಹಾಕಿ.

ಕೊನೆಗೆ ಪರಿಹಾರ ಸಿಕ್ಕಿದ್ದು ಇಳಕಲ್ ಸೀರೆಯಲ್ಲಿ. ಕಸೂತಿಯನ್ನ ಹಾಕ್ತಾ ಬಂದಿರೋದು ಅದೇ ಸೀರೆ ಮೇಲಲ್ವಾ? ಸೀರೆಯಲ್ಲಿ ಒಡಲು ಬೇರೆ, ಅಂಚು ಬೇರೆ, ಸೆರಗು ಬೇರೆ. ಎಲ್ಲಾ ಕಡೆ ಚಿತ್ರ ತುಂಬಲ್ಲ. ಹಾಗೇ ಕಾರಿನ ಒಡಲು ಬಿಳಿಯಾಗೇ ಉಳೀತು. ಬಾಗಿಲ ಕೆಳಗೆ ಕೆಂಪು ಅಂಚು, ಬರೀ ಗೆರೆ ಕೆಲಸ. ಹಿಂದಿನ ಪಕ್ಕೆಯಲ್ಲಿ ಮೇಲಕ್ಕೆ ಗೋಪುರ, ಆನೆ, ತುಳಸಿ ಕಟ್ಟೆ, ಅದು ಸೆರಗು.

ಇದರಿಂದ ಕಾನೂನೂ ಸುಲಭ ಆಯ್ತು. ಆರ್‌ಸಿಯಲ್ಲಿ ಕಾರಿನ ಬಣ್ಣ ನಮೂದಾಗಿರುತ್ತೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಬದಲಾವಣೆ ಬಗ್ಗೆ ಮಾತಾಡುತ್ತೆ. ಬಿಳಿ ಕಾರನ್ನ ಪೂರ್ತಿ ನೇರಳೆ ಮಾಡಿದ್ರೆ ಆರ್‌ಸಿಗೂ ಕಾರಿಗೂ ತಾಳೆ ಆಗಲ್ಲ. ಅಂಥದ್ದು ಮಾಡೋ ಮುಂಚೆ ಆರ್‌ಟಿಒಗೆ ಹೋಗಿ, ಅನುಮತಿ ತಗೊಂಡು ಆರ್‌ಸಿಯಲ್ಲಿ ಬಣ್ಣ ಬದಲಿಸಿಕೊಳ್ಳಿ. ಮೂಲ ಬಣ್ಣವೇ ಎದ್ದು ಕಾಣೋ ಹಾಗೆ ಅಲ್ಲಲ್ಲಿ ಮಾತ್ರ ಅಲಂಕಾರ ಮಾಡಿದ್ರೆ ತಲೆನೋವು ಕಮ್ಮಿ. ಗಾಜಿನ ಮೇಲೆ ಡಿಸೈನ್ ಹರಿಸಬೇಡಿ. ಮುಂದಿನ, ಹಿಂದಿನ ಗಾಜಲ್ಲಿ ಕನಿಷ್ಠ 70 ಶೇಕಡಾ, ಪಕ್ಕದ್ದರಲ್ಲಿ 50 ಶೇಕಡಾ ಬೆಳಕು ಹಾಯಬೇಕು. ಲೈಟ್ ಮುಟ್ಟಬೇಡಿ. ಹಸಿರು ನಂಬರ್ ಪ್ಲೇಟ್ ಅಂತೂ ಮುಟ್ಟಲೇಬೇಡಿ. ಇನ್ಶೂರೆನ್ಸ್ ಕಂಪನಿಗೆ ಒಂದು ಇಮೇಲ್ ಹಾಕಿ. ರ‍್ಯಾಪ್‌ಗೂ ಕವರ್ ಬೇಕಾದ್ರೆ ಬಾಯಲ್ಲಿ ಹೇಳಿದ್ದನ್ನ ನಂಬದೆ ಪಾಲಿಸಿಯಲ್ಲಿ ಸೇರಿಸಿಕೊಳ್ಳಿ. ಕಾರು ಲೀಸ್ ಮೇಲಿದ್ರೆ ಮಾಲೀಕರು ನೀವಲ್ಲ, ಮೊದಲು ಅವರನ್ನ ಕೇಳಿ.

ಈಗ ದುಡ್ಡು. ಅವಳಿಗೆ ಸಿಕ್ಕ ಕೊಟೇಶನ್ ಪೂರ್ತಿ ಕಾರಿಗೆ 68,000. ಅಂಚು, ಸೆರಗಿಗೆ ಮಾತ್ರ 24,000. ಡಿಸೈನ್‌ನ 5,000 ಸೇರಿಸಿ 29,000. ನಾಲ್ಕು ವರ್ಷ ಇಟ್ಕೊಳ್ತೀನಿ ಅಂದ್ಕೊಳ್ಳಿ. ಪೂರ್ತಿ ರ‍್ಯಾಪ್ ಆದ್ರೆ ತಿಂಗಳಿಗೆ ಸುಮಾರು 1,400, ಇದಾದ್ರೆ ಸುಮಾರು 600. ಜೊತೆಗೆ ಮೇಲ್ಮುಖವಾಗಿರೋ ರೂಫ್, ಬಾನೆಟ್ ಮೇಲಿನ ಫಿಲ್ಮೇ ಬಿಸಿಲಿಗೆ ಮೊದಲು ಹಾಳಾಗೋದು. ಅಲ್ಲಿ ಹಾಕದೇ ಇದ್ರೆ ಆ ಖರ್ಚೇ ಇಲ್ಲ. ನಿಮ್ಮ ಊರಲ್ಲಿ ರೇಟ್ ಬೇರೆ ಇರಬಹುದು, ಲೆಕ್ಕ ಹಾಕೋ ರೀತಿ ಇದೇ. ವರ್ಷದಿಂದ ಭಾಗಿಸಿ ನೋಡಿ, ಆಮೇಲೆ ನಿಮ್ಮ ಇಎಂಐ ಪಕ್ಕದಲ್ಲಿಟ್ಟು ನೋಡಿ.

ಅಂಗಡಿಯವರಿಗೆ ಅವಸರ ಮಾಡಬೇಡಿ. ಸಾಲ್ವೆಂಟ್ ಇಂಕ್‌ನಲ್ಲಿ ಪ್ರಿಂಟ್ ಮಾಡಿದ ಫಿಲ್ಮ್ ಕನಿಷ್ಠ ಒಂದು ದಿನ ಆರಬೇಕು, ಆಮೇಲೆ ಮೇಲೊಂದು ಲ್ಯಾಮಿನೇಷನ್ ಪದರ ಬರಬೇಕು. ‘ಬೆಳಿಗ್ಗೆ ಬಿಡಿ, ಸಂಜೆ ಒಯ್ಯಿರಿ’ ಅಂದ್ರೆ ಎಲ್ಲೋ ಒಂದು ಹಂತ ಹಾರಿಸಿದ್ದಾರೆ ಅಂತ ಅರ್ಥ. ಸೆಕೆಂಡ್ ಹ್ಯಾಂಡ್ ಕಾರಾದ್ರೆ ಯಾವ ಭಾಗಕ್ಕೆ ಮರು ಪೇಂಟ್ ಆಗಿದೆ ಅಂತ ಮೊದಲು ತಪಾಸಣೆ ಮಾಡಿಸಿ. ಕಂಪನಿ ಪೇಂಟ್ ಗಟ್ಟಿ ಇರುತ್ತೆ. ಗ್ಯಾರೇಜ್ ಪೇಂಟ್ ಮೇಲೆ ಹಾಕಿದ ಫಿಲ್ಮ್ ಕೀಳುವಾಗ ಪೇಂಟೂ ಜೊತೆಗೆ ಬರಬಹುದು. ಹಾಕಿದಮೇಲೆ ಪ್ರೆಶರ್ ವಾಶ್ ಪೈಪನ್ನ ಅಂಚಿಗೆ ಹತ್ತಿರ ಹಿಡಿಯಬೇಡಿ. ಬೋರ್‌ವೆಲ್ ನೀರಲ್ಲಿ ತೊಳೆದ್ರೆ ಬಟ್ಟೆಯಲ್ಲಿ ಒರೆಸಿಬಿಡಿ, ಇಲ್ಲಾಂದ್ರೆ ಬಿಳಿ ಕಲೆ ಕೂರುತ್ತೆ.

ಕಾರು ರೆಡಿ ಆದ ದಿನ ಅಂಗಡಿ ಮಾಲೀಕರು ಫೋಟೋ ತೆಗೆದ್ರು. ‘ಮೇಡಂ, ತುಂಬಾ ಚೆನ್ನಾಗಿ ಬಂದಿದೆ. ಫೈಲ್ ನಮ್ಮ ಹತ್ರ ಇರಲಿ, ಕ್ಯಾಟಲಾಗ್‌ಗೆ ಹಾಕ್ತೀವಿ. ನಿಮಗೆ ಎರಡು ಸಾವಿರ ಡಿಸ್ಕೌಂಟ್’ ಅಂದ್ರು. ಲೋನ್ ಕಟ್ಟೋರಿಗೆ ಎರಡು ಸಾವಿರ ಸಣ್ಣ ಮೊತ್ತ ಅಲ್ಲ. ಅವಳು ಒಂದು ನಿಮಿಷ ಸುಮ್ಮನಿದ್ದಳು. ಆಮೇಲೆ ಹೇಳಿದಳು, ‘ಡಿಸೈನ್ ನಂದಲ್ಲ ಸರ್. ಧಾರವಾಡದವರ ನಂಬರ್ ಅವರನ್ನ ಕೇಳಿ ಕೊಡ್ತೀನಿ. ಒಂದೊಂದು ಕಾರಿಗೆ ಇಷ್ಟು ಅಂತ ಅವರ ಹತ್ರ ಮಾತಾಡಿ. ನನಗೆ ಡಿಸ್ಕೌಂಟ್ ಬೇಡ.’ ಫೈಲ್ ಡಿಲೀಟ್ ಮಾಡಿಸಿಯೇ ಬಂದಳು. ಮಾಲೀಕರು ಆಮೇಲೆ ನಂಬರ್ ಇಸ್ಕೊಂಡಿದ್ದಾರೆ. ನಾನು ಇದನ್ನ ರೆಕಾರ್ಡ್ ಮಾಡೋವರೆಗೂ ಫೋನ್ ಮಾಡಿಲ್ಲ.

ಮಾಡ್ತಾರೆ ಅನ್ನೋ ಆಸೆ ಇದೆ. ಮಾಡಿದ್ರೆ ಮುಂದಿನ ಸಂಚಿಕೆಯಲ್ಲಿ ಹೇಳ್ತೀನಿ. ಅಷ್ಟರೊಳಗೆ ನೀವ್ಯಾರಾದ್ರೂ ರ‍್ಯಾಪ್ ಹಾಕಿಸೋ ಯೋಚನೆಯಲ್ಲಿದ್ರೆ ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ. ಫಿಲ್ಮ್ ಯಾವುದು? ಆರೋಕೆ ಎಷ್ಟು ಹೊತ್ತು ಬಿಡ್ತೀರಾ? ಈ ಡಿಸೈನ್ ಯಾರದ್ದು? ಮೊದಲ ಎರಡಕ್ಕೆ ಉತ್ತರ ಬೇಗ ಸಿಗುತ್ತೆ. ಮೂರನೇದಕ್ಕೆ ಸಿಗೋವರೆಗೂ ಅಡ್ವಾನ್ಸ್ ಕೊಡಬೇಡಿ.

ನಿಮ್ಮ ಕಾರು, ಸ್ಕೂಟರ್, ಆಟೋ ಯಾವುದಕ್ಕಾದ್ರೂ ಇಂಥ ಕೆಲಸ ಮಾಡಿಸಿದ್ರೆ ಫೋಟೋ ಕಳಿಸಿ, ಡಿಸೈನ್ ಮಾಡಿದವರ ಹೆಸರೂ ಕಳಿಸಿ. ಮುಂದಿನ ವಾರ ಸಿಗೋಣ. ಹುಷಾರಾಗಿ ಓಡಿಸಿ.